ಪಾಪೆಗೆ ಹಾಕದ ಉಂಗುರ

ಡೊಂಬಿವಲಿ ಸ್ಟೇಶನ್ನಿನ ಪಶ್ಚಿಮಕ್ಕೆ ಹೋಟೆಲು ನಡೆಸುವ ರಘುಪತಿ ರಾಯರು ತಮ್ಮಲ್ಲಿ ದೋಸೆ ಹುಯ್ಯುವ ವಾಸುವಿಗೆ ವರ್ಷಗಟ್ಟಲೆ ತಮ್ಮ ಮೂತ್ರದ ಕಾಯಿಲೆಯ ಮಾತ್ರೆ ತಿನ್ನಿಸಿದರು. ಅದು ಯಾವುದರ ಮಾತ್ರೆಯೆಂದು ಅವನಿಗೆ ಹೇಳಲಿಲ್ಲ. ಹೋಟೆಲಿನಲ್ಲಿ ಕೆಲಸದವರಿಗೆ ಶೌಚಾಲಯ ಇರಲಿಲ್ಲ.

ಇಷ್ಟು ವಿಷಯ ವಾಸುವಿನ ಹೆಂಡತಿ ಬಾಗಿಗೆ ಗೊತ್ತಾಗಬೇಕಾದರೆ ಗಂಡನ ಬಲಗಣ್ಣು ಹಾಳಾಗಬೇಕಾಯಿತು.

ಶೌಚಾಲಯ ಇಲ್ಲವೇ ಇಲ್ಲ ಎಂದಲ್ಲ. ಒಂದಿತ್ತು. ಬಿಳಿ ಟೈಲ್ಸ್, ಕನ್ನಡಿ, ಪ್ಲಾಸ್ಟಿಕ್ ಹೂವು ಎಲ್ಲ ಇದ್ದದ್ದು. ಅದರ ಬೀಗದಕೈ ಗಲ್ಲಾದ ಹಿಂದೆ, ದೇವರ ಪಟದ ಕೆಳಗಿನ ಮೊಳೆಯಲ್ಲಿ ನೇತಾಡುತ್ತಿತ್ತು. ಗಿರಾಕಿ ಕೇಳಿದರೆ ರಾಯರು ನಗುತ್ತ ತೆಗೆದುಕೊಡುತ್ತಿದ್ದರು. ಕೆಲಸದವರು ಹೋಗಬೇಕಾದದ್ದು ರೈಲ್ವೆ ಸೇತುವೆಯ ಬುಡದ ಸಾರ್ವಜನಿಕ ಕಕ್ಕಸಿಗೆ. ಲೋಕಲ್ ಹಿಡಿಯುವವರು ನಿಂತುಕೊಂಡೇ ದೋಸೆ ನುಂಗುವ ಬೆಳಗಿನ ಹೊತ್ತಿನಲ್ಲಿ ಕಾವಲಿ ಬಿಟ್ಟು ಅಷ್ಟು ದೂರ ಓಡಿ, ಸಾಲಿನಲ್ಲಿ ನಿಂತು, ಮರಳಿ ಬರುವಷ್ಟರಲ್ಲಿ ದೋಸೆ ಕರಕಲು, ಗಿರಾಕಿ ಕೆಂಡ.

ವಾಸುವಿಗೆ ಐವತ್ತು ದಾಟಿತ್ತು. ಮೇಲಿಂದ ಮೇಲೆ ಹೋಗಬೇಕಾಗುತ್ತಿತ್ತು. ರಾಯರು ಗಲ್ಲಾದಿಂದಲೇ ಕೂಗುತ್ತಿದ್ದರು: "ಏನೋ ವಾಸು, ಹೊಟ್ಟೆಯೊಳಗೆ ನಲ್ಲಿ ಕೂರಿಸಿಕೊಂಡಿದ್ದೀಯಾ? ಪ್ಲಂಬರನ್ನು ಕರೆಸ್ಲಾ?" ಸಪ್ಲಾಯರುಗಳು ನಗುತ್ತಿದ್ದರು. ವಾಸುವೂ ನಗುತ್ತಿದ್ದ. ಧಣಿ ತಮಾಷೆ ಮಾಡಿದಾಗ ನಗುವುದು ಕೆಲಸದೊಳಗೇ ಬರುತ್ತದೆ.

ಒಂದು ದಿನ ರಾಯರು ಅವನನ್ನು ಕರೆದು ಅಂಗೈಯಲ್ಲಿ ಎರಡು ಬಣ್ಣದ ಒಂದು ಕ್ಯಾಪ್ಸೂಲ್ ಇಟ್ಟರು. "ಇದು ಕಾವಲಿಯ ಉಷ್ಣ ಮಾರಾಯ. ನನಗೂ ಇತ್ತು. ಊಟ ಆದಮೇಲೆ ಮಜ್ಜಿಗೆಯ ಜೊತೆ ನುಂಗು, ಮತ್ತೆ ನೋಡು."

ಉಷ್ಣ ಎಂದಮೇಲೆ ಇವರಂಥ ಕರಾವಳಿಯವರಿಗೆ ಇನ್ನೊಂದು ಪ್ರಶ್ನೆ ಇಲ್ಲ. ಕಣ್ಣು ಕೆಂಪಾದರೆ ಉಷ್ಣ, ಬಾಯಿ ಹುಣ್ಣಾದರೆ ಉಷ್ಣ, ಉರಿಮೂತ್ರ ಉಷ್ಣ, ಮಗು ಹಟ ಹಿಡಿದರೆ ಅದೂ ಉಷ್ಣ. ಅದಕ್ಕೆ ಎಳನೀರು, ಪುನರ್ಪುಳಿ ಶರಬತ್ತು, ಜೀರಿಗೆ ನೀರು, ನೆತ್ತಿಗೆ ಎಣ್ಣೆ. ಆ ಸಾಲಿನಲ್ಲಿ ಧಣಿಯ ಕ್ಯಾಪ್ಸೂಲೂ ಸೇರಿಕೊಂಡಿತು. ಉಷ್ಣದ ಮಾತ್ರೆ ಎಂದೇ ಅದಕ್ಕೆ ಹೆಸರಾಯಿತು. ಮಾತ್ರೆ ಕೆಲಸವನ್ನೂ ಮಾಡಿತು. ವಾಸು ಕಾವಲಿಯ ಮುಂದೆ ಹೂತ ಕಂಬದ ಹಾಗೆ ನಿಂತ. ಇನ್ನೊಂದು ಶೌಚಾಲಯ ಕಟ್ಟಿಸುವುದಕ್ಕಿಂತ ಆಳಿನ ಮೂತ್ರಕೋಶವನ್ನೇ ರಿಪೇರಿ ಮಾಡುವುದು ರಾಯರಿಗೆ ಸುಲಭವಾಗಿ ಕಂಡಿತ್ತು.

ಬಾಗಿ ಒಮ್ಮೆ ಹೋಟೆಲಿಗೆ ಹೋಗಿ, "ನಿಮ್ಮಿಂದ ಇವರಿಗೆ ರಾತ್ರಿ ಏಳದೆ ನಿದ್ದೆ ಬರುವ ಹಾಗಾಯ್ತು ಧಣಿ" ಎಂದು ಕೈಮುಗಿದು ಬಂದಿದ್ದಳು. ಆ ಕೈಮುಗಿದದ್ದು ನೆನಪಾದರೆ ಈಗ ಅವಳಿಗೆ ಮೈ ಪರಚಿಕೊಳ್ಳಬೇಕು ಎನಿಸುತ್ತದೆ.

*

ವಾಸುವಿನ ಎರಡೂ ಕಣ್ಣಿಗೆ ಪೊರೆ ಬಂತು. ಸಕ್ಕರೆ ಕಾಯಿಲೆಯೂ ಇದ್ದದ್ದರಿಂದ ಬೇಗನೇ ಬಲಿಯಿತು. ದೋಸೆ ಹೊಂಬಣ್ಣಕ್ಕೆ ಬಂದದ್ದು ಅವನಿಗೆ ಕಾಣಿಸುತ್ತಿರಲಿಲ್ಲ. ಮೂಗಿನಿಂದ ಅಂದಾಜು ಮಾಡಿ ಎಬ್ಬಿಸುತ್ತಿದ್ದ. ಗಿರಾಕಿಗಳು ಗೊಣಗಿದರು. ರಾಯರು ಊರಿನವರ ಸಂಘದ ಅಧ್ಯಕ್ಷರು. ಐರೋಲಿಯ ಒಂದು ಟ್ರಸ್ಟ್ ಆಸ್ಪತ್ರೆಗೆ ಫೋನು ಮಾಡಿ ರಿಯಾಯಿತಿಯಲ್ಲಿ ಆಪರೇಶನ್ ಗೊತ್ತುಮಾಡಿದರು. ಸಂಘದ ವಾಟ್ಸಪ್ ಗುಂಪಿನಲ್ಲಿ ಅದಕ್ಕೆ ಕೈಮುಗಿಯುವ ಚಿತ್ರಗಳು ಸಾಲುಗಟ್ಟಿದವು.

ಅಲ್ಲಿನ ಕಣ್ಣಿನ ಡಾಕ್ಟರು ಅನಘ. ಹಿರಿಯರು ಉಡುಪಿಯವರಂತೆ, ಹುಡುಗಿ ಹುಟ್ಟಿದ್ದು ಬೆಳೆದದ್ದು ಠಾಣೆಯಲ್ಲಿ. ಕನ್ನಡ ಪೂರಾ ತಿಳಿಯುತ್ತದೆ, ಬಾಯಿ ತೆರೆದರೆ ಅರ್ಧ ಹಿಂದಿ. ಆಪರೇಶನ್ನಿಗೆ ಮೊದಲು ಆಕೆ ಕೇಳಿದ್ದು ಬಾಗಿಗೆ ಚೆನ್ನಾಗಿ ನೆನಪಿದೆ. ಗಂಡನ ಪಕ್ಕದಲ್ಲೇ ಕುಳಿತಿದ್ದಳು.

"ಅಂಕಲ್, ಶುಗರ್ ಹೈ, ಠೀಕ್. ಪ್ರೋಸ್ಟೇಟ್ ಕಾ ಕುಛ್? ಪೇಶಾಬ್ ಕೇ ಲಿಯೇ ಕೋಯಿ ಗೋಲಿ?"

"ನಹೀ ನಹೀ. ಪೇಶಾಬ್ ಏಕದಂ ಫಸ್ಟ್ ಕ್ಲಾಸ್," ಎಂದ ವಾಸು ಹೆಮ್ಮೆಯಿಂದ.

ಡಾಕ್ಟರು ಬಿಡಲಿಲ್ಲ. ತನ್ನ ಒಡಕು ಕನ್ನಡದಲ್ಲಿ ಇನ್ನೊಮ್ಮೆ ಕೇಳಿದಳು. "ಮೂತ್ರದ್ದು ಮಾತ್ರೆ? ಪಕ್ಕಾ ಇಲ್ಲ?"

"ಇಲ್ಲ ಡಾಕ್ಟ್ರೇ. ಶುಗರಿಂದು ಒಂದೇ."

ಬಾಗಿಯೂ ತಲೆಯಾಡಿಸಿದಳು. ಅವಳ ತಲೆಯಲ್ಲಿ ಉಷ್ಣದ ಮಾತ್ರೆ ಔಷಧಿಯೇ ಅಲ್ಲ. ಡಾಕ್ಟರು ಕೇಳಿದಾಗ ಪುನರ್ಪುಳಿ ಶರಬತ್ತು ಕುಡಿದದ್ದನ್ನು ಯಾರಾದರೂ ಹೇಳುತ್ತಾರೆಯೇ?

ಆ ಮಧ್ಯಾಹ್ನ ವಾಸುವಿನ ನಂತರ ಒಳಗೆ ಹೋದವರು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಚಹಾ ಕುಡಿಯುತ್ತ ಕೂತರೂ ವಾಸು ಹೊರಗೆ ಬರಲಿಲ್ಲ. ರಾಯರು ಹಣ್ಣಿನ ಚೀಲ ಹಿಡಿದು ಬಂದು ಬಾಗಿಯ ಪಕ್ಕ ನಿಂತಿದ್ದರು. ಕೊನೆಗೆ ಡಾಕ್ಟರು ಬಂದಳು. ಮುಖದ ತುಂಬ ಬೆವರು.

"ಆಂಟಿ, ಸಚ್ ಬೋಲೋ. ಅಂಕಲ್ ಯಾವ ಗೋಲಿ ತಗೋತಾರೆ?"

"ಯಾವುದೂ ಇಲ್ಲ. ಹೇಳಿದ್ದೇವಲ್ಲ."

"ಇಲ್ಲ, ಉಂಟು. ಡ್ರಾಪ್ಸ್ ಹಾಕಿ ಪಾಪೆ ದೊಡ್ಡದು ಮಾಡಿದ್ದೆ. ನಡುವಿನಲ್ಲಿ ಅದು ಚಿಕ್ಕದಾಗಿಬಿಟ್ಟಿತು. ಸುತ್ತಲಿನ ಪರದೆ ಒದ್ದೆ ಬಟ್ಟೆಯ ಹಾಗೆ ಸಡಿಲ ಆಗಿ ಹೊರಗೆ ಬರಲಿಕ್ಕೆ ಶುರು ಆಯ್ತು. ಹರಿದುಹೋಯ್ತು ಆಂಟಿ. ಆ ಗೋಲಿ ತಗೊಂಡವರಿಗೇ ಹೀಗೆ ಆಗೋದು."

ಬಾಗಿಗೆ ಹರಿದುಹೋಯಿತು ಎಂಬ ಒಂದು ಮಾತು ಮಾತ್ರ ಕೇಳಿಸಿತು. ಅವಳು ಎದ್ದು ನಿಂತಳು.

"ನಿಮ್ಮ ಕೈ ತಪ್ಪಿದ್ದಕ್ಕೆ ಮಾತ್ರೆಯ ಹೆಸರು ಹೇಳ್ಬೇಡಿ! ಬಡವರ ಕಣ್ಣು ಅಂದ್ರೆ ಕೈ ಪಳಗಿಸಲಿಕ್ಕೆ ಇಟ್ಟದ್ದಾ ನಿಮಗೆ? ಅಭ್ಯಾಸ ಮಾಡುದಿದ್ರೆ ನಿಮ್ಮ ಅಪ್ಪನ ಕಣ್ಣಲ್ಲಿ ಮಾಡಿ!"

ಅವಳಿಗಿಂತ ಮೇಲೆ ರಾಯರ ದನಿ ಏರಿತು. "ನಾವು ಸುಮ್ಮನೆ ಬಿಡುದಿಲ್ಲ ಡಾಕ್ಟರೇ! ನಮ್ಮ ಮನುಷ್ಯ ಅವ! ಇಡೀ ಸಂಘವನ್ನೇ ತಂದು ನಿಲ್ಲಿಸ್ತೇನೆ ಇಲ್ಲಿ!" ಅವರ ಕುತ್ತಿಗೆಯ ನರ ಉಬ್ಬಿತ್ತು. ಧಣಿಗೆ ನಮ್ಮ ಮೇಲೆ ಇಷ್ಟು ಪ್ರೀತಿಯೇ ಎಂದು ಬಾಗಿಯ ಕಣ್ಣು ತುಂಬಿತು. ಡಾಕ್ಟರು ಮಾತ್ರೆಯ ಮಾತು ಎತ್ತಿದ ಕ್ಷಣದಲ್ಲಿ ಅವರು ಚಾವಣಿಯ ಫ್ಯಾನು ನೋಡುತ್ತ ನಿಂತಿದ್ದರೆಂಬುದು ಅವಳಿಗೆ ಹೊಳೆದದ್ದು ಬಹಳ ತಡವಾಗಿ.

*

ವಾಸುವಿನ ಬಲಗಣ್ಣಿನ ಪಾಪೆ ಈಗ ದುಂಡಗಿಲ್ಲ. ಎಳೆದು ಹರಿದ ಗುಂಡಿಯ ತೂತಿನ ಹಾಗೆ ಒಂದು ಕಡೆಗೆ ಜಗ್ಗಿದೆ. ಅದು ಕುಗ್ಗುವುದಿಲ್ಲ. ಟ್ಯೂಬ್‌ಲೈಟ್ ಹಾಕಿದರೆ ಸೂಜಿ ಚುಚ್ಚಿದಂತಾಗಿ ನೀರು ಸುರಿಯುತ್ತದೆ. ಹೊಳೆಯುವ ಕಾವಲಿಯ ಮುಂದೆ ನಿಲ್ಲುವ ಮಾತೇ ಇಲ್ಲ. ಎಡಗಣ್ಣಿನಲ್ಲಿ ಪೊರೆ ಹಾಲಿನ ಕೆನೆಯಷ್ಟು ದಪ್ಪ. ಇನ್ನು ಅವನ ಬದುಕು ನಿಂತಿರುವುದೆಲ್ಲ ಆ ಎಡಗಣ್ಣಿನ ಮೇಲೆ.

ಅವರ ಒಂದು ಕೋಣೆಯ ಮನೆ ಇದ್ದ ಚಾಳಿನಲ್ಲಿ ಎಲ್ಲ ಮನೆಗಳಿಗೂ ಒಂದೇ ಕಕ್ಕಸು, ಮೊಗಸಾಲೆಯ ತುದಿಯಲ್ಲಿ. ವಾಸು ಗೋಡೆ ಸವರಿಕೊಂಡು ಹೋಗುತ್ತಿದ್ದ, ಬರುತ್ತಿದ್ದ, ಮತ್ತೆ ಹೋಗುತ್ತಿದ್ದ. ಯಾರದ್ದೋ ಬಾಗಿಲಿನ ಬಕೆಟ್ಟು ಎಡವಿ ಬೈಸಿಕೊಂಡು ಬಂದ ದಿನ ಅವನು ಬಾಗಿಗೆ ಹೇಳಿದ:

"ಧಣಿಯ ಹತ್ರ ಉಷ್ಣದ ಮಾತ್ರೆ ಕೇಳಿ ತಾ ಮಾರಾಯ್ತಿ. ಆಪರೇಶನ್ ಆದಮೇಲೆ ಕಳಿಸಲೇ ಇಲ್ಲ. ಮರೆತುಹೋಯ್ತೋ ಏನೋ."

ಬಾಗಿ ಸ್ಟೇಶನ್ನಿನ ಹತ್ತಿರದ ಪೋಳಿ-ಭಾಜಿ ಕೇಂದ್ರವೊಂದರಲ್ಲಿ ಚಪಾತಿ ಲಟ್ಟಿಸುವವಳು. ಸಂಜೆ ಕೆಲಸ ಬಿಟ್ಟು ಹಿಟ್ಟಿನ ಕೈಯಲ್ಲೇ ಹೋಟೆಲಿಗೆ ಹೋದಳು. ರಾಯರು ಗಲ್ಲಾದ ಮೇಲೆ ಕೂತು ಕನ್ನಡಕವಿಲ್ಲದೆ ಪೇಪರು ಓದುತ್ತಿದ್ದರು.

"ಧಣಿ, ಇವರಿಗೆ ಆ ಮಾತ್ರೆ ಬೇಕಿತ್ತು."

"ಯಾವ ಮಾತ್ರೆ?"

"ಅದೇ, ಉಷ್ಣದ್ದು. ಮಜ್ಜಿಗೆ ಜೊತೆ ನೀವು ಕೊಡುದು."

ರಾಯರು ಪೇಪರು ಮಡಚಿದರು. ಸುತ್ತ ನೋಡಿದರು. "ಎಂತ ಹೇಳ್ತೀ ನೀನು? ನಾನು ಹೋಟೆಲು ನಡೆಸುವವನಾ, ಮೆಡಿಕಲ್ ಅಂಗಡಿ ಇಟ್ಟವನಾ? ನಾನು ಯಾರಿಗೂ ಯಾವ ಮಾತ್ರೆಯೂ ಕೊಟ್ಟವನಲ್ಲ. ಹೋಗು, ಗಿರಾಕಿ ಉಂಟು."

ಮರೆತೆ ಎಂದಿದ್ದರೆ ಬಾಗಿ ನಂಬುತ್ತಿದ್ದಳು. ಮುಗಿದಿದೆ ಎಂದಿದ್ದರೂ ನಂಬುತ್ತಿದ್ದಳು. ಕೊಟ್ಟೇ ಇಲ್ಲ ಎಂದದ್ದನ್ನು ನಂಬಲಾಗಲಿಲ್ಲ. ಕೊಟ್ಟದ್ದರಲ್ಲಿ ತಪ್ಪಿಲ್ಲದಿದ್ದರೆ ಇಲ್ಲ ಎನ್ನುವುದು ಯಾಕೆ? ಅವಳು ಮುಂಬಾಗಿಲಿನಿಂದ ಇಳಿದು ಹಿಂದಿನ ಗಲ್ಲಿಗೆ ಬಂದಳು. ಸಾಂಬಾರಿನ ಮಧ್ವೇಶ ಭಟ್ಟರು ಅಲ್ಲಿ ನುಗ್ಗೆಕಾಯಿ ಕತ್ತರಿಸುತ್ತ ಕೂತಿದ್ದರು. ಅರುವತ್ತರ ಆಸುಪಾಸಿನ ಬ್ರಾಹ್ಮಣ, ಮಾತು ಕಮ್ಮಿ.

"ಭಟ್ರೇ, ನಿಮಗೂ ಕೊಡ್ತಿದ್ರಲ್ಲ ಆ ಮಾತ್ರೆ?"

ಭಟ್ಟರ ಕತ್ತಿ ನಿಂತಿತು. "ಮೆಲ್ಲ ಮಾತಾಡು."

"ಕೊಡ್ತಿದ್ರಾ ಇಲ್ಲವಾ?"

"ಕೊಡ್ತಿದ್ದರು. ಐರೋಲಿಯಿಂದ ಬಂದ ಮರುದಿನವೇ ನಿಲ್ಲಿಸಿದ್ರು. ಯಾರಾದ್ರೂ ಬಾಯಿ ಬಿಟ್ರೆ ಗಂಟು ಕಟ್ಟಿಕೊಂಡು ಹೊರಡಿ ಅಂತ ಎಲ್ಲರಿಗೂ ಹೇಳಿದ್ದಾರೆ." ಅವರು ಸೊಂಟದ ಪಂಚೆಯ ಮಡಿಕೆಯಿಂದ ಒಂದು ಕ್ಯಾಪ್ಸೂಲ್ ಬಿಡಿಸಿ, ಮುಖ ಆಚೆ ತಿರುಗಿಸಿಕೊಂಡೇ ಅವಳ ಕೈಗೆ ಹಾಕಿದರು. "ಒಂದು ಉಳಿದಿತ್ತು. ನನ್ನ ಹೆಸರು ಎತ್ತಬೇಡ. ನನಗೆ ಈ ವಯಸ್ಸಿನಲ್ಲಿ ಯಾರು ಒಲೆ ಕೊಡ್ತಾರೆ?"

"ನಿಮಗೂ ಪೊರೆ ಬರ್ತದೆ ಭಟ್ರೇ. ಆಗ ಯಾರ ಹೆಸರು ಎತ್ತುತ್ತೀರಿ?" ಎಂದು ಬಾಗಿ ಸೆರಗಿನ ತುದಿಗೆ ಕ್ಯಾಪ್ಸೂಲ್ ಕಟ್ಟಿಕೊಂಡಳು.

*

ಮರುದಿನ ಠಾಣೆಯಲ್ಲಿ ಇಳಿದು, ವಾಶಿಯ ಗಾಡಿಗೆ ನುಗ್ಗಿ, ಐರೋಲಿ ತಲುಪಿದಳು. ಡಾಕ್ಟರು ಕ್ಯಾಪ್ಸೂಲನ್ನು ಬೆರಳಲ್ಲಿ ಹೊರಳಿಸಿ ನೋಡಿ ಕುರ್ಚಿಗೆ ಒರಗಿದಳು.

"ಯಹೀ ಹೈ. ಪ್ರೋಸ್ಟೇಟಿನ ಗೋಲಿ. ಯಾರು ಬರೆದುಕೊಟ್ಟದ್ದು?"

"ಯಾರೂ ಬರೆದದ್ದಲ್ಲ. ಧಣಿ ಕೊಟ್ಟದ್ದು. ಉಷ್ಣಕ್ಕೆ ಅಂತ."

"ಉಷ್ಣಕ್ಕೆ!" ಡಾಕ್ಟರು ನಗಲಿಲ್ಲ. "ಆಂಟಿ, ನಾನು ಎರಡು ಸಲ ಕೇಳಿದ್ದೆ."

"ಕೇಳಿದ್ದೀರಿ. ಈಗ ನಾನು ಕೇಳ್ತೇನೆ. ಹೇಳಿದ್ರೆ ನೀವು ಎಂತ ಮಾಡ್ತಿದ್ರಿ?"

ಡಾಕ್ಟರು ಎದ್ದು ಒಳಗೆ ಹೋಗಿ ಒಂದು ಸಣ್ಣ ಪೊಟ್ಟಣ ತಂದಳು. ಪಾರದರ್ಶಕ ಡಬ್ಬಿಯೊಳಗೆ ಕೂದಲಿನಷ್ಟು ತೆಳ್ಳಗಿನ ನೀಲಿ ಎಳೆಯ ಒಂದು ಚೌಕ, ನಾಲ್ಕು ಮೂಲೆಗೆ ನಾಲ್ಕು ಪುಟ್ಟ ಸುರುಳಿ. ಬಾಗಿ ಮೂಗು ತಾಗುವಷ್ಟು ಹತ್ತಿರ ಹಿಡಿದು ನೋಡಿದಳು.

"ಇದು ರಿಂಗ್. ಚೌಕ ಇದ್ದರೂ ಹೆಸರು ಅದೇ. ಪಾಪೆಯ ಅಂಚು ಈ ಸುರುಳಿಯೊಳಗೆ ಕೂರ್ತದೆ. ನಾಲ್ಕು ಕಡೆಯಿಂದ ಅಗಲಿಸಿ ಹಿಡಿದುಕೊಳ್ತದೆ. ಪಾಪೆ ಚಿಕ್ಕದಾಗಲಿಕ್ಕೆ ಇದು ಬಿಡೋದಿಲ್ಲ, ಪರದೆ ಕುಣಿಯಲಿಕ್ಕೂ ಬಿಡೋದಿಲ್ಲ. ಪೊರೆ ತೆಗೆದು ಲೆನ್ಸ್ ಕೂರಿಸಿ ಆದಮೇಲೆ ಇದನ್ನು ಹೊರಗೆ ತೆಗೀತೇವೆ."

ವಾಸು ಆ ದಿನ ಮೇಜಿನ ಮೇಲೆ ಎಚ್ಚರವಾಗಿಯೇ ಇದ್ದ. ಡಾಕ್ಟರು ರಿಂಗ್ ತನ್ನಿ, ರಿಂಗ್ ಎಲ್ಲಿ ಎಂದು ಕಿರುಚುತ್ತಿದ್ದದ್ದನ್ನು ಅವನು ಮನೆಯಲ್ಲಿ ಹೇಳಿದ್ದ. ನರ್ಸಿನ ಬೆರಳಿನ ಚಿನ್ನದ ಉಂಗುರ ಎಲ್ಲಿಯೋ ಬಿದ್ದಿರಬೇಕು ಎಂದುಕೊಂಡಿದ್ದನಂತೆ, ಪಾಪದವ. ಬಾಗಿ ಡಬ್ಬಿ ಕೆಳಗಿಟ್ಟಳು.

"ಆವತ್ತು ನೀವು ಕೂಗಿದ್ದು ಇದಕ್ಕಾ? ಆಗ ಇದು ಎಲ್ಲಿತ್ತು?"

ಡಾಕ್ಟರು ಬಾಗಿಲಿನ ಕಡೆ ನೋಡಿದಳು.

"ಹೇಳಿ ಮೇಡಂ. ನನ್ನ ಗಂಡನ ಕಣ್ಣು ಹರಿಯುವಾಗ ಈ ಉಂಗುರ ಎಲ್ಲಿತ್ತು?"

"ಸ್ಟೋರಿನಲ್ಲಿ. ಬೀಗದೊಳಗೆ." ಡಾಕ್ಟರ ದನಿ ಇಳಿಯಿತು. "ರಿಯಾಯಿತಿ ಕೇಸಿನ ಟ್ರೇಯಲ್ಲಿ ರಿಂಗ್ ಇಡೋದಿಲ್ಲ. ಬೇಕಾದರೆ ಆಫೀಸಿಂದ ಪರ್ಮಿಶನ್ ಬೇಕು. ನರ್ಸು ಓಡಿದಳು. ಅಲ್ಲಿಂದ ಬರುವಷ್ಟರಲ್ಲಿ…"

"ಪೂರಾ ಕೊಟ್ಟು ಮಾಡಿಸಿಕೊಳ್ಳುವವರ ಟ್ರೇಯಲ್ಲಿ?"

"ಇರ್ತದೆ."

"ಹಾಗಾದ್ರೆ ಸರಿ ಉಂಟು," ಎಂದಳು ಬಾಗಿ. "ಮಾತ್ರೆ ಅವರದ್ದು, ಬೀಗ ನಿಮ್ಮದು, ಕಣ್ಣು ಮಾತ್ರ ನಮ್ಮದು. ಒಳ್ಳೇ ಪಾಲು ಮಾಡಿಕೊಂಡಿದ್ದೀರಿ ನೀವು ದೊಡ್ಡವರು."

ಡಾಕ್ಟರ ಕಿವಿ ಕೆಂಪಾಯಿತು. ಆದರೂ ಬೆನ್ನು ಹಾಕಲಿಲ್ಲ. "ಬೈಯಿರಿ. ಆದರೆ ಒಂದು ಕೇಳಿ. ಎಡಗಣ್ಣಿಗೂ ಹೀಗೇ ಆಗ್ತದೆ. ಗೋಲಿ ಬಂದ್ ಮಾಡಿದರೂ ಅದರ ಅಸರ್ ಹೋಗೋದಿಲ್ಲ. ನಾನೇ ಮಾಡಲಿ, ಬೇರೆ ಯಾರೇ ಮಾಡಲಿ, ಈ ಗೋಲಿಯ ವಿಷಯ ಮೊದಲೇ ಹೇಳಬೇಕು, ರಿಂಗ್ ಮೊದಲೇ ಟೇಬಲಿನ ಮೇಲಿರಬೇಕು. ಇಲ್ಲದಿದ್ದರೆ ಆ ಕಣ್ಣೂ ಹೋಗ್ತದೆ."

"ನನಗೆ ನಿಮ್ಮ ಮೇಲೆ ನಂಬಿಕೆ ಇಲ್ಲ."

"ಮತ್ ರಖೋ," ಎಂದಳು ಡಾಕ್ಟರು. "ನಂಬಬೇಡಿ. ಹೇಳೋದು ಮಾತ್ರ ಬಿಡಬೇಡಿ."

*

ಬಾಗಿ ಐರೋಲಿಗೆ ಹೋಗಿಬಂದ ಸುದ್ದಿ ರಾಯರಿಗೆ ಹೇಗೆ ಮುಟ್ಟಿತೋ. ಟ್ರಸ್ಟಿನವರಿಗೂ ಸಂಘದವರಿಗೂ ಬೆಳಗ್ಗೆ ಜಗಳ, ಸಂಜೆ ಚಹಾ. ಆ ಸಂಜೆಯೇ ರಾಯರು ಮಗ ಮನೀಶನನ್ನು ಕರೆದುಕೊಂಡು ಚಾಳಿಗೆ ಬಂದರು. ಇಷ್ಟು ವರ್ಷದಲ್ಲಿ ಮೊದಲ ಸಲ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಹಾಸಿಗೆಯಲ್ಲಿದ್ದ ವಾಸು ಧಣಿಯ ದನಿ ಕೇಳಿದ್ದೇ ಎದ್ದು, ಗೋಡೆಗೆ ಕೈಯೂರಿ ನಿಂತ.

"ನಾಡಿದ್ದು ಸಂಘದವರೆಲ್ಲ ಆಸ್ಪತ್ರೆಗೆ ಹೋಗುದು," ಎಂದರು ರಾಯರು. "ಬಾಗಿ, ನೀನು ಮುಂದೆ ನಿಲ್ಲಬೇಕು. ಮನೀಶ ವಿಡಿಯೋ ತೆಗೀತಾನೆ. ಡಾಕ್ಟರು ಔಷಧಿಯ ವಿಷಯ ಏನೂ ಕೇಳಲಿಲ್ಲ, ಕೇಳದೇ ಆಪರೇಶನ್ ಮಾಡಿದ್ಲು ಅಂತ ಹೇಳುದು. ಅಷ್ಟೇ. ಉಳಿದದ್ದು ನಾವು ನೋಡ್ತೇವೆ."

"ಕೇಳಿದ್ದಾರಲ್ಲ ಧಣಿ."

"ನಿನಗೆ ಕನ್ನಡ ಅರ್ಥ ಆಗುದಿಲ್ವಾ?"

"ನಿಮ್ಮ ಮಾತ್ರೆಯ ವಿಷಯ?"

ರಾಯರು ಮೆತ್ತಗಾದರು. ತುಳುವಿಗೆ ಇಳಿದರು, ಆಳುಗಳ ಜೊತೆ ಅವರು ತುಳು ಆಡುವುದು ಏನಾದರೂ ಕೆಲಸವಾಗಬೇಕಾದಾಗ ಮಾತ್ರ. "ನೋಡು ಬಾಗಿ, ನಾನು ತಿನ್ನುವುದನ್ನೇ ಅವನಿಗೆ ಕೊಟ್ಟದ್ದು. ವಿಷ ಕೊಟ್ಟೆನಾ? ಅವನಿಗೆ ಸುಖ ಆಗಲಿಲ್ವಾ? ಕೇಳು ಅವನನ್ನೇ."

"ಕಕ್ಕಸಿನ ಕೀ ಕೊಟ್ಟಿದ್ರೂ ಸುಖ ಆಗ್ತಿತ್ತು."

ಬಾಗಿಲಲ್ಲಿ ನೆರೆಯವರು ಸೇರಿದ್ದರು. ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ರಾಯರ ಮುಖ ಕಪ್ಪಿಟ್ಟಿತು.

ಬಾಗಿ ಬಿಡಲಿಲ್ಲ. ಈ ವಯಸ್ಸಿನಲ್ಲೂ ಗಲ್ಲಾದ ಮೇಲೆ ಕನ್ನಡಕವಿಲ್ಲದೆ ಪೇಪರು ಓದುವ ಧಣಿ ಅವಳ ಕಣ್ಣಮುಂದೆ ಬಂದರು. "ನಿಮಗೂ ಕಣ್ಣಿನ ಆಪರೇಶನ್ ಆಗಿದೆಯಲ್ಲ ಧಣಿ? ನಿಮ್ಮನ್ನೂ ಡಾಕ್ಟರು ಕೇಳಿರಬೇಕು, ಮೂತ್ರದ ಮಾತ್ರೆ ಉಂಟಾ ಅಂತ."

"ಅದೆಲ್ಲ ನಿನಗೆ ಯಾಕೆ?"

ಮನೀಶ ಫೋನಿನಿಂದ ತಲೆಯೆತ್ತಿದ. ಅವನಿಗೆ ಈ ಜಗಳದ ತಲೆಬುಡ ಗೊತ್ತಿರಲಿಲ್ಲ. ಬೇಗ ಮುಗಿದರೆ ಸಾಕಾಗಿತ್ತು. "ಅರೇ, ಪಪ್ಪಾ ಕೋ ಭೀ ತೋ ವಹೀ ಪ್ರಾಬ್ಲೆಮ್ ಥಾ. ರಿಂಗ್ ಹಾಕಿ ಮಾಡಿದ್ರು. ಗೋಲಿಯ ವಿಷಯ ಪಪ್ಪಾ ಮೊದಲೇ ಹೇಳಿದ್ರಲ್ಲ."

"ಮನೀಶ!"

ವಾಸು ಗೋಡೆಯಿಂದ ಕೈ ತೆಗೆದು, ಧಣಿಯ ದನಿ ಬಂದ ದಿಕ್ಕಿಗೆ ಮುಖ ಮಾಡಿದ. ಬಲಗಣ್ಣಿನಿಂದ ನೀರು ಇಳಿಯುತ್ತಿತ್ತು. ಅದು ಬಲ್ಬಿನ ಬೆಳಕಿಗೆ ಯಾವಾಗಲೂ ಇಳಿಯುವ ನೀರು.

"ಧಣಿಗೆ ಗೊತ್ತಿತ್ತಾ?" ಎಂದು ಅ‌ವನು ಕೇಳಿದ್ದು ಯಾರಿಗೆಂದು ತಿಳಿಯಲಿಲ್ಲ.

ರಾಯರಿಗೆ ಗೊತ್ತಿತ್ತು. ಆ ಮಾತ್ರೆ ತಿಂದವನ ಕಣ್ಣಿಗೆ ಚಾಕು ತಾಗುವ ಮೊದಲು ಹೇಳಬೇಕಾದದ್ದೇನು ಎಂದು ತಮ್ಮ ಕಣ್ಣಿನ ಹೊತ್ತಿಗೆ ಚೆನ್ನಾಗಿ ತಿಳಿದಿತ್ತು. ಹೇಳಿ, ಉಂಗುರ ಹಾಕಿಸಿಕೊಂಡು, ನೆಟ್ಟಗಿನ ಎರಡು ಕಣ್ಣು ಪಡೆದು ಗಲ್ಲಾದ ಮೇಲೆ ಕೂತಿದ್ದರು. ವಾಸುವಿನ ಕಣ್ಣಿಗೆ ದಿನ ಗೊತ್ತುಮಾಡಿದವರೂ ಅವರೇ. ಆದರೆ ಹೇಳಿದರೆ ಇನ್ನೊಂದು ಮಾತು ಏಳುತ್ತಿತ್ತು: ನೀನು ಯಾಕೆ ಕೊಟ್ಟೆ ಅವನಿಗೆ? ಆ ಪ್ರಶ್ನೆಗೆ ಉತ್ತರ ಮೊಳೆಯಲ್ಲಿ ನೇತಾಡುತ್ತಿದ್ದ ಬೀಗದಕೈ. ಒಂದು ಬೀಗದಕೈಯ ಮಾನ ಉಳಿಸಲು ಒಬ್ಬನ ಕಣ್ಣು ಹೋಗಲಿ ಎಂದು ಬಿಟ್ಟವರನ್ನು ನಾವು ಸಂಘದ ಅಧ್ಯಕ್ಷರು ಎಂದು ಕರೆದು ಶಾಲು ಹೊದಿಸುತ್ತೇವೆ.

ರಾಯರು ಚಪ್ಪಲಿ ಮೆಟ್ಟಿದರು. ಈಗ ತುಳು ಇರಲಿಲ್ಲ. "ಕೇಳಿಕೊಳ್ಳಿ ಇಬ್ಬರೂ. ಎಡಗಣ್ಣಿನ ವ್ಯವಸ್ಥೆ ನಾನು ಕಲ್ಯಾಣ ಸ್ಟೇಶನ್ನಿನ ಹತ್ರ ಮಾಡಿದ್ದೇನೆ, ನಮ್ಮ ಬೀಗರ ಕಡೆಯ ಡಾಕ್ಟರಲ್ಲಿ. ಅಲ್ಲಿ ಮಾತ್ರೆ ಗೀತ್ರೆ ಅಂತ ಬಾಯಿ ಬಿಡುದಲ್ಲ. ಐರೋಲಿಯವರು ಕೆಡಿಸಿದ್ದು, ಅಷ್ಟೇ. ನಾಡಿದ್ದು ಹೇಳಿದ್ರೆ ಕಲ್ಯಾಣ, ಹೇಳದಿದ್ರೆ ಕುರುಡ. ಕೆಲಸವೂ ಇಲ್ಲ."

ಅವರು ಮೆಟ್ಟಲಿಳಿದು ಹೋದಮೇಲೆ ವಾಸು ಗೋಡೆಗೆ ಒರಗಿದ. ಬಾಗಿ ಅವನ ತೋಳು ಹಿಡಿದು ಕೂರಿಸಿದಳು.

"ಅವರು ಹೇಳಿದ ಹಾಗೆ ಹೇಳಿಬಿಡು ಬಾಗಿ," ಎಂದ ಅವನು.

"ಮಾತ್ರೆಯ ವಿಷಯ ಹೇಳದೆ ಕಲ್ಯಾಣದಲ್ಲಿ ಮೇಜಿನ ಮೇಲೆ ಮಲಗ್ತೀರಾ? ಇದೂ ಹರಿಯಲಿ ಅಂತಲಾ?"

"ಮತ್ತೆ ಎಂತ ಮಾಡುದು? ಒಂದು ಕಣ್ಣಿನಲ್ಲಿ ಬೆಳಕು ಚುಚ್ಚುತ್ತದೆ, ಇನ್ನೊಂದರಲ್ಲಿ ಬೆಳಕೇ ಇಲ್ಲ. ನನ್ನನ್ನು ಎಲ್ಲಿ ನಿಲ್ಲಿಸ್ತೀ ನೀನು? ಸ್ಟೇಶನ್ನಿನ ಮೆಟ್ಟಲಲ್ಲಾ?"

ಬಾಗಿ ದೀಪ ಆರಿಸಿದಳು. ಸಿಟ್ಟು ಮಾತ್ರ ಆರಲಿಲ್ಲ. ಅದನ್ನೇ ತಲೆದಿಂಬು ಮಾಡಿಕೊಂಡು ಮಲಗಿದಳು.

*

ಆಸ್ಪತ್ರೆಯ ಮೊಗಸಾಲೆಯಲ್ಲಿ ಸಂಘದವರು ಬಿಳಿ ಶರಟು ತೊಟ್ಟು ಮದುವೆಗೆ ಬಂದವರ ಹಾಗೆ ನೆರೆದಿದ್ದರು. "ನ್ಯಾಯ ಬೇಕು!" ಎಂದು ಒಬ್ಬ ಕೂಗಿದ, ಉಳಿದವರು ಎ.ಸಿ.ಯ ಗಾಳಿ ಬೀಳುವ ಕಡೆ ಸರಿದು ನಿಂತು ಕೂಗಿದರು. ಬಾಗಿ ಗಂಡನ ಕೈ ಹಿಡಿದು ಒಳಗೆ ಬಂದಾಗ ಆಫೀಸಿನ ಸಂಜನಾ ಮೇಡಂ ಎದುರಾದಳು. ಆಸ್ಪತ್ರೆಯ ವ್ಯವಹಾರವೆಲ್ಲ ನೋಡುವವಳು ಅವಳು. ಸ್ಟೋರಿನ ಬೀಗವೂ ಅವಳ ಕೈಕೆಳಗೇ. ಇಬ್ಬರನ್ನೂ ನಗುತ್ತ ಪಕ್ಕದ ಕೋಣೆಗೆ ಕರೆದೊಯ್ದು ಕುರ್ಚಿ ಎಳೆದು ಕೊಟ್ಟಳು.

"ಮಾವಶೀ, ಟೆನ್ಶನ್ ನಕೋ. ನಿಮ್ಮವರ ಜಗಳ ನಮಗೆ ಬೇಡ. ಎಡಗಣ್ಣು ನಾವೇ ಮಾಡಿಕೊಡ್ತೇವೆ. ಮಸ್ತ್ ರಿಂಗ್ ಹಾಕಿ. ನೀವು ಒಂದೇ ಒಂದು ಲೈನ್ ಹೇಳಿ, ನಾನು ರೆಕಾರ್ಡ್ ಮಾಡ್ಕೋತೇನೆ. 'ನನ್ನ ಗಂಡ ಗೋಲಿಯ ವಿಷಯ ಡಾಕ್ಟರಿಂದ ಮುಚ್ಚಿಟ್ಟಿದ್ದ.' ಬಸ್."

"ಮುಚ್ಚಿಡಲಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ."

"ಒಂದೇ ಅಲ್ವಾ ಮಾವಶೀ?"

"ಒಂದೇ ಅಲ್ಲ. ರಿಂಗ್ ಬೀಗದೊಳಗೆ ಇದ್ದದ್ದು ಹೇಳ್ಲಾ ಬೇಡ್ವಾ?"

ಸಂಜನಾಳ ನಗು ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು. "ಯಾರು ಹೇಳಿದ್ದು ನಿಮಗೆ ಅದನ್ನು?" ಎಂದು, ಗಾಜಿನಾಚೆ ನಿಂತಿದ್ದ ಡಾಕ್ಟರನ್ನು ನೋಡಿದಳು. ಡಾಕ್ಟರು ಅನಘ ನೆಲ ನೋಡಿದಳು. ಅವಳಿಗೂ ಧಣಿ ಇದ್ದಾರೆ, ಅವಳ ಬಾಯಿಗೂ ಕೀ ಉಂಟು ಎಂದು ಬಾಗಿಗೆ ಆಗ ತಿಳಿಯಿತು. ಪಾಪ ಎನಿಸಲಿಲ್ಲ. ಇನ್ನೂ ಸಿಟ್ಟು ಬಂತು.

ಹೊರಗೆ ರಾಯರು ಗಾಜು ಬಡಿಯುತ್ತಿದ್ದರು. ಬಾಗಿ ಎದ್ದು ಬಾಗಿಲು ತೆರೆದಳು. ಮನೀಶನ ಫೋನು ಎದ್ದಿತು. ಬೆನ್ನ ಹಿಂದೆ ಸಂಜನಾಳ ಫೋನೂ ಎದ್ದಿತು. ಕೂಗು ನಿಂತಿತು.

"ಹೇಳು ಬಾಗಿ," ಎಂದರು ರಾಯರು ಎಲ್ಲರಿಗೂ ಕೇಳುವಂತೆ. "ಹೆದರಬೇಡ, ನಾವಿದ್ದೇವೆ. ಡಾಕ್ಟರು ನಿಮ್ಮನ್ನು ಏನಾದ್ರೂ ಕೇಳಿದ್ಲಾ?"

ಬಾಗಿ ವಾಸುವಿನ ಕೈ ಒತ್ತಿ ಹಿಡಿದಳು.

"ಕೇಳಿದ್ರು," ಎಂದಳು. "ಎರಡು ಸಲ ಕೇಳಿದ್ರು."

ಹಿಂದಿನಿಂದ ಸಂಜನಾ ಮೆಲ್ಲಗೆ ಪಿಸುಗುಟ್ಟಿದಳು: "ಶಾಬ್ಬಾಸ್. ಆತಾ ಪುಢೇ, ಇನ್ನು ಮುಂದಿನದು, ಮುಚ್ಚಿಟ್ಟಿದ್ದು ಹೇಳಿ."

"ಇವರು ಮುಚ್ಚಿಡಲೂ ಇಲ್ಲ. ಈ ರಘುಪತಿ ರಾಯರು ಉಷ್ಣಕ್ಕೆ ಅಂತ ಹೇಳಿ ತನ್ನ ಮೂತ್ರದ ಮಾತ್ರೆ ಇವರಿಗೆ ತಿನ್ನಿಸಿದ್ದು. ಆಳುಗಳಿಗೆ ಕಕ್ಕಸು ತೆರೆಯುದು ಬೇಡ ಅಂತ ತಿನ್ನಿಸಿದ್ದು. ತನ್ನ ಕಣ್ಣಿಗೆ ಹೇಳಿ ಉಂಗುರ ಹಾಕಿಸಿಕೊಂಡ್ರು, ಇವರ ಕಣ್ಣಿಗೆ ಬಾಯಿ ಮುಚ್ಚಿಕೊಂಡ್ರು. ಈ ಆಸ್ಪತ್ರೆಯವರು ಉಂಗುರವನ್ನು ಬೀಗ ಹಾಕಿಟ್ರು, ಯಾಕಂದ್ರೆ ನಾವು ರಿಯಾಯಿತಿಯವರು. ತೆಗೀರಿ ವಿಡಿಯೋ. ಇಬ್ಬರೂ ತೆಗೀರಿ."

ಎರಡು ಫೋನುಗಳೂ ಒಟ್ಟಿಗೆ ಕೆಳಗಿಳಿದವು. ಬಿಳಿ ಶರಟುಗಳು ಒಬ್ಬರ ಮುಖ ಒಬ್ಬರು ನೋಡಿದರು. ಅವರಲ್ಲಿ ಹೋಟೆಲು ಇಟ್ಟವರೇ ಹೆಚ್ಚು. ಅವರ ಗಲ್ಲಾದ ಹಿಂದೆಯೂ ಒಂದೊಂದು ಮೊಳೆ ಇತ್ತು. ಯಾರೋ ಗಂಟಲು ಸರಿಮಾಡಿಕೊಂಡು, "ಹೆಂಗಸರನ್ನು ಮುಂದೆ ಬಿಟ್ಟದ್ದೇ ತಪ್ಪು" ಎಂದರು.

ರಾಯರು ನಕ್ಕರು. ಗಲ್ಲಾದ ಮೇಲಿನ ಅದೇ ನಗು. "ಗಂಡನಿಗೆ ಹೀಗಾದ ದುಃಖಕ್ಕೆ ತಲೆ ಕೆಟ್ಟಿದೆ ಪಾಪ. ಏನೇನೋ ಹೇಳ್ತಾಳೆ." ಅವರು ಹತ್ತಿರ ಬಂದು ವಾಸುವಿನ ಇನ್ನೊಂದು ತೋಳು ಹಿಡಿದರು. ಹೂವಿನ ಹಾಗೆ ಹಿಡಿದರು. "ವಾಸು, ನೀನು ಹೇಳು. ನೀನು ನನ್ನ ಅನ್ನ ತಿಂದವ, ಸುಳ್ಳಾಡುವವನಲ್ಲ. ಮನೀಶ, ಫೋನು ಹಿಡಿಯೋ. ನಾನು ನಿನಗೆ ಯಾವ ಮಾತ್ರೆಯೂ ಕೊಟ್ಟಿಲ್ಲ ಅಂತ ಇವರಿಗೆಲ್ಲ ಹೇಳು. ಆಮೇಲೆ ಕಾರಿನಲ್ಲಿ ಕೂರು, ಸೀದಾ ಕಲ್ಯಾಣಕ್ಕೆ ಹೋಗುವ. ನಾಳೆಯೇ ಕಣ್ಣು ಮಾಡಿಸ್ತೇನೆ. ಹೇಳು."

ಮೊಗಸಾಲೆಯ ದೀಪಗಳೆಲ್ಲ ವಾಸುವಿನ ಹರಿದ ಪಾಪೆಯೊಳಗೆ ನುಗ್ಗುತ್ತಿದ್ದವು. ಅವನು ಕಣ್ಣು ಮುಚ್ಚಿಕೊಂಡ. ಬಾಗಿ ಅವನ ತುಟಿಯನ್ನೇ ನೋಡಿದಳು. ಹೌದು ಧಣಿ ಎನ್ನುವುದು ಬಿಟ್ಟು ಆ ಮನುಷ್ಯನ ಬಾಯಲ್ಲಿ ಬೇರೆ ಮಾತು ಬಂದದ್ದನ್ನು ಅವಳು ಈವರೆಗೆ ಕೇಳಿರಲಿಲ್ಲ.

"ಹೇಳೋ ವಾಸು."

ವಾಸು ಧಣಿಯ ಕೈಯಿಂದ ತನ್ನ ತೋಳನ್ನು ಬಿಡಿಸಿಕೊಂಡ.

"ಹೇಳುದಿಲ್ಲ," ಎಂದ.